ಹಿಂಬರಹ ಬಂತೆಂದು ಕೈಚೆಲ್ಲಬೇಡಿ

ಬೆಳೆ ವಿಷಯ ಬರೆಯುವ ಪತ್ರಿಕೆಗೆ ಕಚೇರಿ ಕಾಗದದ ವಿಷಯ ಯಾಕೆ ಅಂತ ಓದುಗರು ಕೇಳಬಹುದು. ನಮ್ಮ ಚೋರನೂರು ಕಡೆ ಮಳೆ ನಂಬಿ ಮೆಕ್ಕೆಜೋಳ, ಶೇಂಗಾ, ಜೋಳ ಬೆಳೆಯುವವರಿಗೆ ಕೈಕಾಲೇ ಬಂಡವಾಳ. ಆ ಬಂಡವಾಳಕ್ಕೆ ಪೆಟ್ಟು ಬಿದ್ದಾಗ ಸಿಗುವ ಅಂಗವಿಕಲ ವೇತನ ದೊಡ್ಡ ಮೊತ್ತವೇನಲ್ಲ. ಆದರೂ ತಿಂಗಳ ಎಣ್ಣೆ, ಬೇಳೆ, ಮಾತ್ರೆಗೆ ಇನ್ನೊಬ್ಬರ ಮುಖ ನೋಡುವುದು ತಪ್ಪುತ್ತದೆ. ಅರ್ಜಿ ಹಾಕಿ, "ಕೊಡಲು ಬರುವುದಿಲ್ಲ" ಎಂಬ ಒಂದು ಸಾಲಿನ ಉತ್ತರ ಬಂದರೆ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾಗುತ್ತಾರೆ. ನಮ್ಮ ಹಣೇಬರಹ ಅಂತ ಕಾಗದ ಮಡಚಿ ಟ್ರಂಕಿಗೆ ಹಾಕುತ್ತಾರೆ. ನಾನೂ ಹಾಕಿದ್ದೆ. ಆಮೇಲೆ ತೆಗೆದೆ. ತೆಗೆದ ಮೇಲೂ ಎರಡು ತಪ್ಪು ಮಾಡಿ, ಒಂದು ವರ್ಷ ಕಳೆದುಕೊಂಡು, ಕೊನೆಗೆ ಗೆದ್ದೆ. ಬೇರೆಯವರಿಗೆ ಆ ವರ್ಷ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಕಲಿತದ್ದು ಏಳನೇ ಇಯತ್ತೆವರೆಗೆ. ವಕೀಲನಲ್ಲ. ನಾನು ಓಡಾಡಿ ತಿಳಿದುಕೊಂಡದ್ದಷ್ಟೇ ಇಲ್ಲಿದೆ. ಯಾವ ಕಚೇರಿ, ಯಾವ ಆಸ್ಪತ್ರೆ ಅಂತ ಹೆಸರು ಬರೆಯುವುದಿಲ್ಲ. ತಪ್ಪಿನಲ್ಲಿ ಅರ್ಧ ಪಾಲು ನನ್ನದೇ.

ನಡೆದದ್ದು

2022ರ ಡಿಸೆಂಬರಿನಲ್ಲಿ ಮೆಕ್ಕೆಜೋಳ ರಾಶಿ ಮಾಡುವಾಗ ಮಷಿನ್ನಿನ ಬಾಯಿಗೆ ಬಲಗೈ ಸಿಕ್ಕಿತು. ತೋರುಬೆರಳು, ನಡುಬೆರಳು ಹೋದವು. ಹೆಬ್ಬೆರಳು ಉಳಿದಿದೆ, ಪೂರ್ತಿ ಮಡಚುವುದಿಲ್ಲ. ಗಾಯ ಮಾಯ್ದ ಮೇಲೆ 2023ರ ಜೂನಿನಲ್ಲಿ ಅಂಗವಿಕಲತೆಯ ಸರ್ಟಿಫಿಕೇಟಿಗೆ ವೈದ್ಯರ ಮುಂದೆ ಹೋದೆ. ನೂರಕ್ಕೆ 24 ಅಂತ ಬರೆದು ಕೊಟ್ಟರು. ವೇತನಕ್ಕೆ ಕಡಿಮೆಯೆಂದರೆ 40 ಬೇಕು. ಅದು ಗೊತ್ತಿಲ್ಲದೆ ಅರ್ಜಿ ಹಾಕಿದೆ. ಆಗಸ್ಟಿನಲ್ಲಿ ಅರ್ಜಿ ತಿರಸ್ಕಾರವಾಯಿತು.

ಮೊದಲ ತಪ್ಪು: "ಆಗ್ತೈತ್ರಿ"

ವೈದ್ಯರು ಕೇಳಿದ್ದರು: "ಊಟ ಮಾಡೋಕೆ ಆಗುತ್ತಾ?" "ಆಗ್ತೈತ್ರಿ." "ಅಂಗಿ ಗುಂಡಿ ಹಾಕ್ಕೊಳ್ತೀರಾ?" "ಹೆಂಗೋ ಮಾಡ್ಕಂತೀನ್ರಿ." "ಬರೀತೀರಾ?" "ಸೈ ಮಾಡ್ತೀನ್ರಿ."

ಮನೆಗೆ ಬಂದು ಇದನ್ನು ಹೇಳಿದಾಗ ನನ್ನ ಹೆಂಡತಿ ಒಲೆ ಮುಂದಿನಿಂದ ಎದ್ದು ಬಂದಳು. "ಆರು ತಿಂಗಳಿಂದ ನಿಮ್ಮ ಗುಂಡಿ ಹಾಕಾಕಿ ನಾನು. ಎಡಗೈಲಿ ಉಣ್ತೀರಿ. ಅದನ್ನ ಯಾಕ ಹೇಳ್ಲಿಲ್ಲ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂವತ್ತು ವರ್ಷ ಕೂರಿಗೆ ಹಿಡಿದವನು ಪರಸ್ಥಳದಲ್ಲಿ, ನಾಲ್ಕು ಜನರೆದುರು, ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ ಅನ್ನಲು ನಾಚಿಕೆಪಟ್ಟೆ. ವೈದ್ಯರು ನಾನು ಹೇಳಿದ್ದನ್ನು ನಂಬಿ ಬರೆದರು.

ಎರಡನೇ ತಪ್ಪು: ಬೇರೆ ಬಾಗಿಲು ತಟ್ಟಿದ್ದು

ಯಾರೋ ಹೇಳಿದರು ಅಂತ ವೇತನ ತಿರಸ್ಕರಿಸಿದ ಕಚೇರಿಯ ಮೇಲಿನ ಅಧಿಕಾರಿಗೆ ಮೇಲ್ಮನವಿ ಬರೆದೆ. ನನ್ನ ಕಷ್ಟವನ್ನೆಲ್ಲ ನಾಲ್ಕು ಪುಟ ಬರೆಸಿದ್ದೆ. ನಾಲ್ಕು ತಿಂಗಳಾದ ಮೇಲೆ, 2024ರ ಜನವರಿಯಲ್ಲಿ, ಉತ್ತರ ಬಂತು. ಸರ್ಟಿಫಿಕೇಟಿನಲ್ಲಿ 24 ಇದೆ, ನಿಯಮದಲ್ಲಿ 40 ಇದೆ, ವೈದ್ಯರು ಬರೆದ ಅಂಕಿಯನ್ನು ತಿದ್ದುವ ಅಧಿಕಾರ ಈ ಕಚೇರಿಗೆ ಇಲ್ಲ. ಅವರು ಹೇಳಿದ್ದು ಸರಿ ಇತ್ತು. ಬೋರಿನ ಮೋಟರು ಸುಟ್ಟರೆ ಪೈಪು ಬದಲಿಸಿದ ಹಾಗೆ ಆಗಿತ್ತು ನನ್ನ ಕೆಲಸ.

ಇದರಿಂದ ನಾನು ಕಲಿತ ಮುಖ್ಯ ಮಾತು: ಇಲ್ಲ ಅಂದವರು ಯಾರು, ಯಾವ ಕಾರಣಕ್ಕೆ ಇಲ್ಲ ಅಂದರು, ಇವೆರಡು ತಿಳಿಯದೆ ಮೇಲ್ಮನವಿ ಬರೆಯಬಾರದು. ಆ ಕಾರಣಕ್ಕೆ ಮಾತ್ರ ಉತ್ತರ ಬರೆಯಬೇಕು.

ಹಿಂಬರಹ ಕೇಳಿ ಪಡೆಯಿರಿ

ಕಚೇರಿಯಲ್ಲಿ ಬಾಯಿಮಾತಿನಲ್ಲಿ "ಆಗಲ್ಲ, ಹೋಗಿ" ಅಂದರೆ ಅದು ತಿರಸ್ಕಾರವೇ ಅಲ್ಲ. ಅದರ ಮೇಲೆ ಮೇಲ್ಮನವಿ ಮಾಡಲು ಆಧಾರ ಇರುವುದಿಲ್ಲ. ಬರೆದ ಕಾಗದ ಬೇಕು. ಇದಕ್ಕೆ ಕಚೇರಿಯವರು ಹಿಂಬರಹ ಅನ್ನುತ್ತಾರೆ. ಅದರಲ್ಲಿ ತಾರೀಖು, ಕಾರಣ, ಸಹಿ ಇರಬೇಕು. ಮೇಲ್ಮನವಿಯ ಗಡುವು ಆ ತಾರೀಖಿನಿಂದ ಓಡತೊಡಗುತ್ತದೆ. ನಿಮಗೆ ಯಾವತ್ತು ಕೈಗೆ ಬಂತೋ ಅದನ್ನು ಮೂಲೆಯಲ್ಲಿ ಬರೆದು, ಅಂಚೆಯ ಲಕೋಟೆಯನ್ನೂ ಇಟ್ಟುಕೊಳ್ಳಿ.

ನಾಡಕಚೇರಿಯಲ್ಲಿ ವೇತನದ ಅರ್ಜಿ ಕೊಟ್ಟಾಗ ಸಕಾಲದ ಸ್ವೀಕೃತಿ ಚೀಟಿ ಕೊಡುತ್ತಾರೆ. ಅದರಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ. ಅದನ್ನು ಬೀಜದ ಬಿಲ್ಲಿನಷ್ಟೇ ಜೋಪಾನ ಮಾಡಿ. ಸಕಾಲ ಕಾಯ್ದೆ 2011ರದು, 2012ರ ಏಪ್ರಿಲಿನಿಂದ ಇಡೀ ರಾಜ್ಯಕ್ಕೆ ಬಂತು. ಗೊತ್ತಾದ ದಿನದೊಳಗೆ ಕೆಲಸ ಆಗದಿದ್ದರೆ ಅಥವಾ ಅರ್ಜಿ ತಿರಸ್ಕಾರವಾದರೆ 30 ದಿನದೊಳಗೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಮಾಡಬಹುದು. ಅಲ್ಲಿಯೂ ಆಗದಿದ್ದರೆ ಎರಡನೇ ಮೇಲ್ಮನವಿ ಇದೆ. ತಡ ಮಾಡಿದ್ದು ಸಾಬೀತಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೂಡ ಇದೆ. ಆ ದುಡ್ಡಿಗಿಂತ, ಉತ್ತರ ಕೊಡಲೇಬೇಕು ಎಂಬುದು ನಮಗೆ ಹೆಚ್ಚು ಉಪಯೋಗ.

ಎರಡು ಬಗೆಯ ತಿರಸ್ಕಾರ, ಎರಡು ಬಾಗಿಲು

ಒಂದು, ಕಂದಾಯ ಇಲಾಖೆಯ ತಿರಸ್ಕಾರ. ಆದಾಯ ಹೆಚ್ಚಿದೆ, ವಾಸದ ದಾಖಲೆ ಸರಿಯಿಲ್ಲ, ಹೆಸರು ತಾಳೆಯಾಗುವುದಿಲ್ಲ, ಬೇರೆ ಪಿಂಚಣಿ ಬರುತ್ತಿದೆ, ಇಂಥ ಕಾರಣಗಳು. ಇದಕ್ಕೆ ಸಾಮಾನ್ಯವಾಗಿ ತಹಶೀಲ್ದಾರರ ಮೇಲೆ ಉಪವಿಭಾಗಾಧಿಕಾರಿ, ಅವರ ಮೇಲೆ ಜಿಲ್ಲಾಧಿಕಾರಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹೊಸಪೇಟೆ ಆ ಕಡೆ ಹೋಯಿತು, ಸಂಡೂರು ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲೇ ಉಳಿಯಿತು. ಹಾಗಾಗಿ ನಮ್ಮ ಕಾಗದ ಹೋಗುವುದು ಬಳ್ಳಾರಿಗೆ. ಹೊಸಪೇಟೆ ಹತ್ತಿರ ಅಂತ ಅಲ್ಲಿಗೆ ಹೋಗಿ ಬಸ್ ಚಾರ್ಜು ಕಳೆಯಬೇಡಿ.

ಇನ್ನೊಂದು, ವೈದ್ಯರ ತೀರ್ಮಾನ. ಶೇಕಡಾವಾರು ಕಡಿಮೆ ಬಂದದ್ದು, ಅಥವಾ ಅಂಗವಿಕಲತೆಯೇ ಇಲ್ಲ ಅಂದದ್ದು. ಇದಕ್ಕೆ ಕಂದಾಯದವರು ಏನೂ ಮಾಡಲು ಬರುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 59ನೇ ಕಲಮಿನಲ್ಲಿ ಇದಕ್ಕೆ ದಾರಿ ಇದೆ. ಸರ್ಟಿಫಿಕೇಟು ಕೊಡುವ ಪ್ರಾಧಿಕಾರದ ತೀರ್ಮಾನ ಒಪ್ಪಿಗೆಯಾಗದಿದ್ದರೆ, ರಾಜ್ಯ ಸರಕಾರ ಗೊತ್ತುಪಡಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಯಾರ ಹೆಸರಿಗೆ, ಎಷ್ಟು ದಿನದೊಳಗೆ ಎಂಬುದನ್ನು ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ಮೊದಲೇ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಗ್ರಾಮ ಪಂಚಾಯ್ತಿಯಲ್ಲಿ ವಿ.ಆರ್.ಡಬ್ಲ್ಯು. ಅಂತ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರೂ ಅಂಗವಿಕಲರೇ ಆಗಿರುವುದರಿಂದ ಈ ದಾರಿಯಲ್ಲಿ ಓಡಾಡಿ ಬಲ್ಲವರು. ನನಗೆ 59ನೇ ಕಲಮು ಅಂತ ಮೊದಲು ಹೇಳಿದ್ದು ಅಂಥ ಒಬ್ಬ ತಮ್ಮನೇ.

ತೋರಣಗಲ್ಲು ಕಡೆ ಕಾರ್ಖಾನೆಗೆ ಹೋಗುವ ಇ.ಎಸ್.ಐ. ಹುಡುಗರ ಕಥೆ ಬೇರೆ. 1948ರ ಇ.ಎಸ್.ಐ. ಕಾಯ್ದೆಯಲ್ಲಿ ವೈದ್ಯಕೀಯ ಮಂಡಳಿ, ಅದರ ಮೇಲೆ ಮೇಲ್ಮನವಿ ನ್ಯಾಯಮಂಡಳಿ, ಅದರ ಮೇಲೆ ವಿಮಾ ನ್ಯಾಯಾಲಯ ಅಂತ ಮೆಟ್ಟಿಲುಗಳಿದ್ದವು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಆ ಕಾಯ್ದೆಯ ಜಾಗಕ್ಕೆ ಬಂದಿದೆ. ಸ್ವಂತ ಹೊಲದಲ್ಲಿ ಕೈ ಕಳೆದುಕೊಂಡ ನಮಗೆ ಆ ಮೆಟ್ಟಿಲು ಇಲ್ಲ. 59ನೇ ಕಲಮೇ ನಮ್ಮ ನ್ಯಾಯಮಂಡಳಿ ಅಂದುಕೊಳ್ಳಬೇಕು.

ಕೈಯನ್ನು ಹೇಗೆ ಅಳೆಯುತ್ತಾರೆ

ಇದು ಗೊತ್ತಿದ್ದರೆ ನಾನು ಮೊದಲ ಸಲವೇ ಸರಿಯಾಗಿ ಹೇಳುತ್ತಿದ್ದೆ. ಬೆರಳು ಎಷ್ಟು ಹೋದವು ಅಂತ ಎಣಿಸಿ ಮುಗಿಸುವುದಿಲ್ಲ. ಕೀಲು ಎಷ್ಟು ಮಡಚುತ್ತದೆ, ಹಿಡಿತ ಎಷ್ಟಿದೆ, ಚಿವುಟಿ ಎತ್ತಲು ಬರುತ್ತದೆಯೇ, ಸ್ಪರ್ಶ ಗೊತ್ತಾಗುತ್ತದೆಯೇ, ಬಲ ಎಷ್ಟಿದೆ ಎಂದೆಲ್ಲ ನೋಡಬೇಕು. ಇದಲ್ಲದೆ ಕೇಂದ್ರ ಸರಕಾರದ ಮಾರ್ಗಸೂಚಿಯಲ್ಲಿ ದಿನನಿತ್ಯದ ಹತ್ತು ಕೆಲಸಗಳ ಪಟ್ಟಿ ಇದೆ: ತಲೆಮೇಲಿನ ವಸ್ತು ಎತ್ತುವುದು, ಮೂಗಿನ ತುದಿ ಮುಟ್ಟುವುದು, ಕೈಯಿಂದ ಊಟ ಮಾಡುವುದು, ತಲೆ ಬಾಚುವುದು, ಅಂಗಿ ತೊಡುವುದು, ಶೌಚ ಮಾಡಿ ತೊಳೆದುಕೊಳ್ಳುವುದು, ಲೋಟದಿಂದ ನೀರು ಕುಡಿಯುವುದು, ಗುಂಡಿ ಹಾಕುವುದು, ಪಂಚೆ ಅಥವಾ ಲಾಡಿ ಕಟ್ಟುವುದು, ಬರೆಯುವುದು.

ಅಂದರೆ "ಉಣ್ತೀರಾ" ಅಂತ ಕೇಳಿದ್ದು ಉಪಚಾರದ ಮಾತಲ್ಲ. ಅದೇ ಪರೀಕ್ಷೆ. ಎಡಗೈಯಲ್ಲಿ ಉಂಡರೆ ಬಲಗೈಗೆ "ಆಗುತ್ತದೆ" ಅನ್ನಬಾರದು. ಹೆಂಡತಿ ಗುಂಡಿ ಹಾಕಿದರೆ ಅದು ನಾನು ಹಾಕಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಇಲ್ಲದ್ದನ್ನು ಮಾತ್ರ ಹೇಳಬೇಡಿ. ಸುಳ್ಳು ಹೇಳಿ ಸೌಲಭ್ಯ ಪಡೆದರೆ ಇದೇ ಕಾಯ್ದೆಯ 91ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಇದೆ.

ಕೂಡುವ ಲೆಕ್ಕ

ನನ್ನ ಎಡಗಣ್ಣಿಗೆ ಹಿಂದೆ ಜೋಳದ ದಂಟು ಚುಚ್ಚಿ ಹೂ ಬಿದ್ದಿತ್ತು. ಹದಿನೈದು ವರ್ಷದ ಹಿಂದಿನ ಮಾತು. ಬಲಗಣ್ಣು ಚೆನ್ನಾಗಿರುವುದರಿಂದ ಅದನ್ನು ಅಂಗವಿಕಲತೆ ಅಂತ ನಾನು ಎಣಿಸಿಯೇ ಇರಲಿಲ್ಲ, ವೈದ್ಯರಿಗೂ ಹೇಳಿರಲಿಲ್ಲ. ಆದರೆ ಎರಡು ಬಗೆಯ ಊನ ಇದ್ದರೆ ಎರಡನ್ನೂ ಅಳೆದು ಕೂಡಬೇಕು ಅಂತ ಮಾರ್ಗಸೂಚಿಯಲ್ಲೇ ಇದೆ. ನೇರ ಕೂಡುವುದಲ್ಲ. ದೊಡ್ಡ ಅಂಕಿಯನ್ನು 90ರಲ್ಲಿ ಕಳೆಯಿರಿ. ಉಳಿದದ್ದನ್ನು ಸಣ್ಣ ಅಂಕಿಯಿಂದ ಗುಣಿಸಿ 90ರಿಂದ ಭಾಗಿಸಿ. ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸಿ.

ಮರುಪರೀಕ್ಷೆಯಲ್ಲಿ ನನ್ನ ಕೈಗೆ 30, ಕಣ್ಣಿಗೆ 20 ಬಂತು. 90ರಲ್ಲಿ 30 ಕಳೆದರೆ 60. 60ನ್ನು 20ರಿಂದ ಗುಣಿಸಿ 90ರಿಂದ ಭಾಗಿಸಿದರೆ ಸುಮಾರು 13. ಒಟ್ಟು 43. ಸರ್ಟಿಫಿಕೇಟಿನಲ್ಲಿ ಅದೇ 43 ಬಂತು.

ಹಳೆಯ ಅಂಕಿ 24 ಹಾಗೇ ಇದ್ದಿದ್ದರೆ? 90ರಲ್ಲಿ 24 ಹೋದರೆ 66. ಇಪ್ಪತ್ತರಿಂದ ಗುಣಿಸಿ 90ರಿಂದ ಭಾಗಿಸಿದರೆ 14.67. ಒಟ್ಟು 38.67. ಕಣ್ಣು ಸೇರಿಸಿದರೂ 40 ಮುಟ್ಟುತ್ತಿರಲಿಲ್ಲ. ನಾಚಿಕೆಯಿಂದ ಹೇಳಿದ ನಾಲ್ಕು "ಆಗ್ತೈತ್ರಿ"ಗಳ ಬೆಲೆ ಅಷ್ಟಿತ್ತು.

ಮೇಲ್ಮನವಿ ಬರೆಯುವ ಬಗೆ

ನಾಲ್ಕು ಪುಟ ಬೇಡ. ಒಂದು ಪುಟ ಸಾಕು. ಎರಡನೇ ಸಲ ನಾನು ಬರೆದದ್ದು ಹೀಗಿತ್ತು:

"ಇಂಥ ತಾರೀಖಿನ ಸರ್ಟಿಫಿಕೇಟಿನಲ್ಲಿ ನನಗೆ ಶೇಕಡಾ 24 ನಮೂದಾಗಿದೆ. ಈ ತೀರ್ಮಾನದ ಮೇಲೆ 2016ರ ಕಾಯ್ದೆಯ 59ನೇ ಕಲಮಿನಂತೆ ಮೇಲ್ಮನವಿ ಸಲ್ಲಿಸುತ್ತಿದ್ದೇನೆ. ಕಾರಣ ಒಂದು: ಬಲಗೈಯಿಂದ ಊಟ, ಗುಂಡಿ ಹಾಕುವುದು, ಲಾಡಿ ಕಟ್ಟುವುದು, ಬರೆಯುವುದು ನನ್ನಿಂದ ಆಗುವುದಿಲ್ಲ. ಮೊದಲ ಪರೀಕ್ಷೆಯಲ್ಲಿ ಇದನ್ನು ನಾನು ಸರಿಯಾಗಿ ತಿಳಿಸಿರಲಿಲ್ಲ. ಕಾರಣ ಎರಡು: ಎಡಗಣ್ಣಿನ ದೃಷ್ಟಿಯನ್ನು ಪರೀಕ್ಷೆ ಮಾಡಿಲ್ಲ. ತಿಳಿವಳಿಕೆ ಇಲ್ಲದೆ ಮೊದಲು ಬೇರೆ ಕಚೇರಿಗೆ ಮೇಲ್ಮನವಿ ಹಾಕಿದ್ದರಿಂದ ತಡವಾಗಿದೆ. ಅದರ ಪ್ರತಿ ಲಗತ್ತಿಸಿದೆ. ತಡವನ್ನು ಮನ್ನಿಸಿ, ಮೂಳೆ ಮತ್ತು ಕಣ್ಣಿನ ವೈದ್ಯರಿಂದ ಮರುಪರೀಕ್ಷೆ ಮಾಡಿಸಬೇಕಾಗಿ ವಿನಂತಿ."

ಇದರಲ್ಲಿ ಬರ, ಸಾಲ, ಮಗಳ ಮದುವೆ ಯಾವುದೂ ಇಲ್ಲ. ಅವು ನಿಜವಾದ ಕಷ್ಟಗಳೇ. ಆದರೆ ವೈದ್ಯರ ಅಂಕಿ ತಿದ್ದಲು ಅವು ಆಧಾರವಾಗುವುದಿಲ್ಲ. ಅದೇ ಆದಾಯದ ಕಾರಣಕ್ಕೆ ತಿರಸ್ಕಾರವಾಗಿದ್ದರೆ ಕೈಯ ಎಕ್ಸರೇ ಬೇಡ, ಸರಿಯಾದ ಆದಾಯ ಪ್ರಮಾಣಪತ್ರ ಬೇಕು.

ಜೊತೆಗೆ ಸರ್ಟಿಫಿಕೇಟು, ಹಿಂಬರಹ, ಆಸ್ಪತ್ರೆಯಿಂದ ಬಿಡುಗಡೆಯಾದ ಚೀಟಿ, ಎಕ್ಸರೇ ವರದಿ, ಆಧಾರ್, ಎಲ್ಲದರ ಜೆರಾಕ್ಸ್ ಇಡಿ. ಮೂಲ ಪ್ರತಿ ಯಾರಿಗೂ ಕೊಡಬೇಡಿ. ಖುದ್ದಾಗಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ. ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಡಿ.

ಅರ್ಜಿ ಎಲ್ಲಿದೆ ಅಂತ ಯಾರೂ ಹೇಳದಿದ್ದರೆ ಮಾಹಿತಿ ಹಕ್ಕು ಇದೆ. ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. "ನನ್ನ ಇಂಥ ಸಂಖ್ಯೆಯ ಅರ್ಜಿಯ ಕಡತದ ಎಲ್ಲ ಹಾಳೆಗಳ ದೃಢೀಕೃತ ಪ್ರತಿ ಕೊಡಿ" ಅಂತ ಬರೆದರೆ ಸಾಕು.

ಪರೀಕ್ಷೆಯ ದಿನ

ನನ್ನನ್ನು 2024ರ ಮೇ ತಿಂಗಳಲ್ಲಿ ಕರೆದರು. ಈ ಸಲ ಹೆಂಡತಿಯನ್ನು ಕರೆದುಕೊಂಡು ಹೋದೆ. ದಿನಾ ನಮ್ಮನ್ನು ನೋಡುವವರು ಜೊತೆಗಿದ್ದರೆ ನಾವು ಮುಚ್ಚಿಟ್ಟದ್ದು ಹೊರಗೆ ಬರುತ್ತದೆ. ಹಿಂದಿನ ರಾತ್ರಿ ಮಗ ಆ ಹತ್ತು ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು, ಎದುರಿಗೆ "ಆಗುತ್ತದೆ", "ಕಷ್ಟದಿಂದ", "ಆಗುವುದಿಲ್ಲ" ಅಂತ ಗುರುತು ಹಾಕಿ ಕೊಟ್ಟಿದ್ದ. ಅದನ್ನೇ ತೋರಿಸಿದೆ. ವೈದ್ಯರು ಒಂದೊಂದನ್ನೂ ಮಾಡಿಸಿ ನೋಡಿದರು. ಲೋಟ ಎತ್ತಲು ಹೇಳಿದಾಗ ಕೈ ಜಾರಿ ನೀರು ಮೇಜಿನ ಮೇಲೆ ಚೆಲ್ಲಿತು. ಒರೆಸಲು ಹೋದೆ. "ಇರಲಿ ಬಿಡಿ, ಅದನ್ನೇ ನೋಡಬೇಕಿತ್ತು" ಅಂದರು.

ಕನ್ನಡಕ ಇದ್ದವರು ತಪ್ಪದೆ ಒಯ್ಯಿರಿ. ಕಣ್ಣಿನ ಅಳತೆ ಕನ್ನಡಕ ಹಾಕಿದ ಮೇಲಿನ ದೃಷ್ಟಿಗೆ. ಸರ್ಟಿಫಿಕೇಟು ಕೈಗೆ ಬಂದ ಕೂಡಲೇ ತಾತ್ಕಾಲಿಕವೋ ಶಾಶ್ವತವೋ ಓದಿಸಿ ನೋಡಿ. ತಾತ್ಕಾಲಿಕ ಆದರೆ ಅವಧಿ ಮುಗಿಯುವ ಮೊದಲೇ ಮತ್ತೆ ಹೋಗಬೇಕು.

ಅಲ್ಲಿಯೂ ಆಗದಿದ್ದರೆ

ಬೆಂಗಳೂರಿನಲ್ಲಿ ರಾಜ್ಯದ ವಿಕಲಚೇತನರ ಆಯುಕ್ತರು ಇದ್ದಾರೆ. ಅವರಿಗೆ ದೂರು ಬರೆಯಬಹುದು. ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟವರು ಮೂರು ತಿಂಗಳೊಳಗೆ ಕ್ರಮ ತೆಗೆದುಕೊಂಡು ತಿಳಿಸಬೇಕು. ಕೊನೆಯ ಮೆಟ್ಟಿಲು ಹೈಕೋರ್ಟು. ಬಳ್ಳಾರಿ ಜಿಲ್ಲೆಯವರಿಗೆ ಅದು ಧಾರವಾಡ ಪೀಠ. ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆಯಂತೆ ಅಂಗವಿಕಲರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ವೈದ್ಯಕೀಯ ಸೀಟಿಗಾಗಿ ಹೋರಾಡಿದ ಅಂಗವಿಕಲ ವಿದ್ಯಾರ್ಥಿಯ ಪ್ರಕರಣದಲ್ಲಿ, ಮಂಡಳಿಗಳು ಬರೀ ಅಂಕಿ ಬರೆದು ಕಳಿಸಬಾರದು, ಕಾರಣ ಬರೆಯಬೇಕು ಅಂದಿದೆ. ಅದು ಕಾಲೇಜು ಸೀಟಿನ ವಿಷಯ, ವೇತನದ್ದಲ್ಲ. ಆದರೆ ಕಾರಣ ಕೇಳುವವನಿಗೆ ಆ ಮಾತು ಬೆನ್ನಿಗಿರುತ್ತದೆ.

ಇನ್ನೊಂದು ಮಾತು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕತ್ತರಿಸುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಹಲವರಿಗಿದೆ. ಅಪಘಾತದಲ್ಲಿ ಒಂದು ಕಣ್ಣಿನ ದೃಷ್ಟಿ ಪೂರ್ತಿ ಹೋದರೆ, ಅಥವಾ ಒಂದು ಕೈ ಇಲ್ಲವೇ ಕಾಲು ಉಪಯೋಗಕ್ಕೇ ಬಾರದಂತಾದರೆ ಅದರಲ್ಲಿ ಒಂದು ಲಕ್ಷ ಇದೆ. ಎರಡು ಬೆರಳಿಗೆ ಇಲ್ಲ. ನನಗೆ ಅದಕ್ಕೇ ಬರಲಿಲ್ಲ. ನಿಮ್ಮದು ಅರ್ಹವಾಗಿದ್ದೂ ವಿಮೆಯವರು ಇಲ್ಲ ಅಂದರೆ ಮೊದಲು ಅವರಿಗೇ ಬರೆದು ಒಂದು ತಿಂಗಳು ಕಾಯಿರಿ. ಆಮೇಲೂ ಆಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ನರಿಗೆ ಬರೆಯಿರಿ. ಶುಲ್ಕ ಇಲ್ಲ, ವಕೀಲರೂ ಬೇಡ.

ಕೊನೆಗೆ

ಹೊಸ ಸರ್ಟಿಫಿಕೇಟಿನೊಂದಿಗೆ ವೇತನಕ್ಕೆ ಮತ್ತೆ ಹೊಸ ಅರ್ಜಿಯನ್ನೇ ಹಾಕಬೇಕಾಯಿತು. 2024ರ ಆಗಸ್ಟಿನಲ್ಲಿ ಮಂಜೂರಾತಿ ಆದೇಶ ಬಂತು. ಬಿಳಿ ಪಟ್ಟಿಯ ಯು.ಡಿ.ಐ.ಡಿ. ಕಾರ್ಡು ಹೋಗಿ ಹಳದಿ ಪಟ್ಟಿಯದು ಬಂತು. 40ರಿಂದ 80ರ ಒಳಗಿನವರಿಗೆ ಹಳದಿ, ಅದರ ಮೇಲಿನವರಿಗೆ ನೀಲಿ. ಆದೇಶಕ್ಕಿಂತ ಹಿಂದಿನ ತಿಂಗಳುಗಳದ್ದು ನನಗೆ ಸಿಗಲಿಲ್ಲ. ಆ ವರ್ಷದಲ್ಲಿ ಕೂಲಿ ಕೊಡಲು ಎರಡು ಆಡು ಮಾರಿದ್ದೆ. ಅವು ತಿರುಗಿ ಬರುವುದಿಲ್ಲ.

ಈಗ ನಮ್ಮ ಊರಲ್ಲಿ ಯಾರಾದರೂ ಹಿಂಬರಹ ಹಿಡಿದು ಬಂದರೆ ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ: "ಇದನ್ನ ಕೊಟ್ಟೋರು ಯಾರು? ಕಾರಣ ಏನಂತ ಬರದಾರ?" ಆಮೇಲೆ ಮೂರನೆಯದು: "ಡಾಕ್ಟ್ರು ಕೇಳಿದಾಗ ನೀನೂ ಆಗ್ತೈತ್ರಿ ಅಂದ್ಯಾ?" ಹೆಚ್ಚಿನವರು ನಕ್ಕು ತಲೆ ತಗ್ಗಿಸುತ್ತಾರೆ.

ರಾಶಿ ಮಷಿನ್ನಿಗೆ ತೆನೆ ನೂಕುವವರು ಕೈ ಬದಲು ಕೋಲು ಬಳಸಿ, ತೋಳು ಉದ್ದದ ಅಂಗಿ ಹಾಕಬೇಡಿ. ಮೇಲ್ಮನವಿ ಗೆದ್ದರೂ ಬೆರಳು ಬರುವುದಿಲ್ಲ. ಬೇರೆ ತಾಲ್ಲೂಕಿನ ಓದುಗರು ಇಂಥ ಅರ್ಜಿಗಳಲ್ಲಿ ಕಂಡುಕೊಂಡ ದಾರಿಗಳಿದ್ದರೆ ಪತ್ರಿಕೆಗೆ ಬರೆದು ತಿಳಿಸಿ.